ಬೋರಮ್ಮನವರ ತಲೆ ಎಣ್ಣೆ

ದಬ್ಬೇಘಟ್ಟ
೧೮-೩-೧೯೮೩

ಸೌಭಾಗ್ಯವತಿ ಚಿಕ್ಕಗೌರಿಗೆ ನಿನ್ನ ಅತ್ತಿಗೆ ವಿಮಲ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನು, ನಿಮ್ಮ ಯಜಮಾನರು, ಮಕ್ಕಳು ಚೆನ್ನಾಗಿದ್ದೀರಿ ಅಂತ ನಂಬಿದ್ದೇನೆ. ನಂಬದೆ ಇನ್ನೇನು ಮಾಡಲಿ, ನೀನೇನು ಒಂದು ಸಾಲು ಬರೆಯುವವಳೇ? ಸಂಕ್ರಾಂತಿಗೇ ಕಾಗದ ಹಾಕಬೇಕಾಗಿತ್ತು, ತಡವಾಯಿತು. ಬೈಯಬೇಕು ಅನ್ನಿಸಿದರೆ ಅದಕ್ಕಾದರೂ ಒಂದು ಕಾರ್ಡು ಬರಿ. ಬೈಗುಳವನ್ನೇ ಕಣ್ಣಿಗೊತ್ತಿಕೊಂಡು ಓದುತ್ತೇನೆ.

ಹಳೆಯದನ್ನು ಕೆದಕಬಾರದು ಅಂದುಕೊಂಡೇ ಕೂತೆ, ಆದರೆ ಅದನ್ನು ಬಿಟ್ಟು ನಿನ್ನ ಹತ್ತಿರ ಮಾತು ಶುರು ಮಾಡಲು ಬರುವುದಿಲ್ಲ. ಮಾವ ತೀರಿಕೊಂಡಾಗ ನಿನಗೆ ಎರಡನೇ ಬಾಣಂತನ, ಇನ್ನೂ ಹಸಿಮೈ. "ಅವ್ಳಿಗೆ ಹೇಳ್ಬ್ಯಾಡಿ ಕಣ್ರಪ್ಪಾ, ಎದೆ ಹಾಲು ಬತ್ತೋಯ್ತದೆ" ಅಂತ ತಡೆದವರು ಅತ್ತೆ. ತಿಥಿಯೂ ಕಳೆದ ಮೇಲೆ ಯಾರೋ ಬಳೆ ಮಾರುವವಳ ಬಾಯಿಂದ ನಿನಗೆ ತಿಳಿದದ್ದು ನಮ್ಮೆಲ್ಲರ ಕರ್ಮ. ಮಗುವನ್ನು ಎತ್ತಿಕೊಂಡು ಬಂದು ಬಾಗಿಲಲ್ಲೇ ನಿಂತು, "ಅಪ್ಪನ್ ಮೊಕ ತೋರಿಸ್ದೆ ಇದ್ದೋರ ಮನೇಲಿ ನಂಗೆ ನೀರೂ ಬ್ಯಾಡ" ಅಂದು ತಿರುಗಿ ಹೋದೆ. ಆ ಮಗು ಈಗ ಸ್ಕೂಲಿಗೆ ಹೋಗುತ್ತಿದೆಯಂತೆ. ನಿನ್ನ ಕಾಲು ಮಾತ್ರ ಈ ಹೊಸ್ತಿಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ಕಳಿಸಿದ ಬಾಗಿನ ಪ್ರತಿ ವರ್ಷವೂ ವಾಪಸು ಬರುತ್ತದೆ. ಅತ್ತೆ ಮೊರ ಬಿಚ್ಚಿ, ಅಕ್ಕಿಯನ್ನು ಅಕ್ಕಿಗೆ, ಬೇಳೆಯನ್ನು ಬೇಳೆಗೆ ಸುರಿದು ಹಿತ್ತಿಲಿಗೆ ಹೋಗಿಬಿಡುತ್ತಾರೆ.

ಇರಲಿ, ಊರಿನ ಸಮಾಚಾರ ಕೇಳು. ನಿಮ್ಮಣ್ಣನ ಗಾಣ ನಿಂತೇ ಹೋಗುವ ಹಾಗಾಗಿದೆ. ಜನ ಕೊಬ್ಬರಿಯನ್ನು ತಿಪಟೂರಿನ ಮಿಲ್ಲಿಗೆ ಹೊತ್ತುಕೊಂಡು ಹೋಗುತ್ತಾರೆ. ಎತ್ತು ಸುತ್ತುವುದನ್ನು ನೋಡುತ್ತ ಕೂರಲು ಈಗ ಯಾರಿಗೆ ಪುರುಸೊತ್ತಿದೆ? ಅದಕ್ಕೆ ನಾನು, ಗರಗದ ಸೊಪ್ಪು, ಮೆಂತ್ಯ, ದಾಸವಾಳ ಹಾಕಿ ಅತ್ತೆ ಕಾಯಿಸುತ್ತಾರಲ್ಲ ಆ ತಲೆ ಎಣ್ಣೆಯನ್ನು ಸೀಸೆಗೆ ತುಂಬಿ ಮಾರೋಣ ಅಂದೆ. ನಿಮ್ಮಣ್ಣ ಬಿದ್ದು ಬಿದ್ದು ನಕ್ಕರು. "ತೆಂಗಿನ್ ಸೀಮೇಲಿ ಎಣ್ಣೆ ಮಾರ್ತೀಯಾ? ಕೊಂಡ್ಕೊಂಡೋರ್ನ ತೋಟ ಇಲ್ದೋರು ಅಂದ್ಕೋತಾರೆ ಕಣೇ!" ಅಂದರು. ಅವರ ಮಾತು ಸುಳ್ಳಾಗಲಿಲ್ಲ. ಮೊದಲ ಸಂತೆಯಲ್ಲಿ ಸೀಸೆ ಮೂಸಿ ಮೂಸಿ ಇಟ್ಟವರೇ ಎಲ್ಲ. ತೆಗೆದುಕೊಂಡವಳು ಒಬ್ಬಳೇ, ಅವಳೂ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಅಷ್ಟರಲ್ಲಿ ತಿಪಟೂರಿನಲ್ಲಿ ಸಣ್ಣ ಕೈಗಾರಿಕೆಯವರಿಗೆ ಪ್ರಚಾರ ಮಾಡುವುದನ್ನು ಕಲಿಸುತ್ತಾರೆ ಅಂತ ಪೇಪರಿನಲ್ಲಿ ನೋಡಿದೆ. ಹಠ ಮಾಡಿ ಹೋದೆ. ಕೊಠಡಿ ತುಂಬ ಗಂಡಸರು, ನಾನೊಬ್ಬಳೇ ಹೆಂಗಸು. ಬೆಂಗಳೂರಿನಿಂದ ಬಂದಿದ್ದ ಮೇಷ್ಟ್ರು ಮೊದಲು ನನ್ನನ್ನೇ ಎಬ್ಬಿಸಿ ನಿಲ್ಲಿಸಿ, "ನಿಮ್ಮೆಣ್ಣೆ ಯಾರಿಗೆ ಮಾರ್ತೀರಮ್ಮ?" ಅಂದರು. ಎಲ್ಲರಿಗೂ ಅಂದೆ. "ಹಾಗಾದ್ರೆ ಯಾರಿಗೂ ಮಾರಲ್ಲ ಬಿಡಿ. ಯಾರಾದ್ರೂ ಒಬ್ರನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಅವರ ಹತ್ರ ಮಾತಾಡೋ ಹಾಗೆ ಹೇಳಿ" ಅಂದರು. ನನಗೆ ನಾಚಿಕೆಯಾಯಿತು, ಆದರೆ ತಲೆಗೆ ಹತ್ತಿತು. ತೋಟ ಇರುವವರ ಮನೆಗೆ ನಾನ್ಯಾಕೆ ಹೋಗಲಿ? ಮೇಷ್ಟರ ಹೆಂಡಂದಿರಿದ್ದಾರೆ, ರೈಲ್ವೆ ಕ್ವಾರ್ಟರ್ಸಿನವರಿದ್ದಾರೆ, ಹಾಸ್ಟೆಲಿನ ಹುಡುಗಿಯರಿದ್ದಾರೆ. ಆಮೇಲೆ ಇನ್ನೊಂದು ಹೇಳಿದರು. ನಮ್ಮ ಸರಕನ್ನು ನಾವೇ ಹೊಗಳಿಕೊಳ್ಳಬಾರದಂತೆ, ಬಳಸಿದವರ ಮುಖ ತೋರಿಸಬೇಕಂತೆ. ಮುಖ ದೊಡ್ಡದಾಗಿ, ಮಾತು ಚಿಕ್ಕದಾಗಿ ಇದ್ದರೆ ಓದಲು ಬಾರದವರಿಗೂ ವಿಷಯ ತಿಳಿಯುತ್ತದಂತೆ. ತಿಳಿಯಿತು ಬಿಡು, ಚೆನ್ನಾಗಿಯೇ ತಿಳಿಯಿತು!

ಮುಖಕ್ಕೆ ನಾನು ಎಲ್ಲಿ ಹುಡುಕಿಕೊಂಡು ಹೋಗಲಿ, ನಮ್ಮ ಮನೆಯಲ್ಲೇ ಇತ್ತಲ್ಲ. ಎಪ್ಪತ್ತಾದರೂ ಅತ್ತೆಯ ತಲೆಯಲ್ಲಿ ಹುಡುಕಿದರೂ ಒಂದು ನರೆಗೂದಲು ಸಿಗುವುದಿಲ್ಲ. ಎಣ್ಣೆಯ ಪ್ರಚಾರಕ್ಕೆ ಹಂಚುವ ಕಾಗದದಲ್ಲಿ ನಿಮ್ಮ ಫೋಟೊ ಹಾಕಿಸೋಣ ಅಂದಿದ್ದಕ್ಕೆ ಮೈಮೇಲೆ ಬಂದರು. "ಫೋಟೊ ತೆಗೆಸ್ಕೊಂಡ್ರೆ ಆಯಸ್ಸು ಕಮ್ಮಿ ಆಯ್ತದೆ, ನಾನೊಲ್ಲೆ" ಅಂತ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಾವೇ ಹೊರಗೆ ಬಂದು, "ಆ ಕಾಗ್ದ ಎಲ್ಲೆಲ್ಲಿ ಹಂಚ್ತೀಯೇ?" ಅಂದರು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ, ಬಸ್ಸು ಹೋಗುವ ಕಡೆಯೆಲ್ಲ ಅಂದೆ. "ಹುಳಿಯಾರ್ ಬಸ್ಸಿಗೂ ಕೊಡ್ತೀಯಾ? ಗೌರಿ ಊರಿಗೂ ಹೋಯ್ತದಾ?" ಹೋಗುತ್ತದೆ ಅಂದೆ. ಮಾರನೆಯ ದಿನ ಮಡಿಸಿಟ್ಟಿದ್ದ ಸೀರೆ ಉಟ್ಟು, ಸ್ಟುಡಿಯೋದ ಸ್ಟೂಲಿನ ಮೇಲೆ ಕೋಲು ನುಂಗಿದವರ ಹಾಗೆ ಕೂತರು. ಹಲ್ಲು ಕಾಣುವ ಹಾಗೆ ನಗಿ ಅಂತ ಫೋಟೊದವನು ಅಂದರೆ, "ಮೊಕ ಗುರ್ತು ಸಿಕ್ಕುದ್ರೆ ಸಾಕು, ತೆಗಿಯಪ್ಪ" ಅಂದರು.

ತುರುವೇಕೆರೆಯ ಗುಲಾಮ್ ರಸೂಲ್ ಪ್ರೆಸ್ಸಿನಲ್ಲಿ ಅಚ್ಚಿಗೆ ಕೊಟ್ಟೆ. "ಸುತ್ತ ಬಾರ್ಡರ್ ಬೇಕು ಅಕ್ಕಾ, ಇಲ್ಲಾಂದ್ರೆ ಬೋಳು ಬೋಳಾಗಿ ಕಾಣ್ತದೆ" ಅಂದ ಪುಣ್ಯಾತ್ಮ. ಅವನ ಹತ್ತಿರ ಇದ್ದದ್ದು ಎರಡೇ ಬಗೆ. ಒಂದರಲ್ಲಿ ಕಳಶ, ಮಾವಿನ ತೋರಣ. ಅದು ಮದುವೆ ಕಾಗದದ್ದು, ಗಂಡನನ್ನು ಕಳೆದುಕೊಂಡ ಅತ್ತೆಯ ಮುಖಕ್ಕೆ ಅದನ್ನು ಹೇಗೆ ಹಾಕಿಸಲಿ? ಇನ್ನೊಂದು ದಪ್ಪ ಕಪ್ಪು ಗೆರೆ. ಲಕ್ಷಣವಾಗಿದೆ, ಅದನ್ನೇ ಹಾಕು ಅಂದೆ. ಫೋಟೊ ಕೆಳಗೆ ದಪ್ಪಕ್ಷರದಲ್ಲಿ "ಶ್ರೀಮತಿ ಬೋರಮ್ಮನವರು, ಎಪ್ಪತ್ತು ವರ್ಷ" ಅಂತ ಹಾಕಿಸಿ, ಎಣ್ಣೆಯ ವಿಷಯವನ್ನೆಲ್ಲ ಅದರ ಅಡಿಯಲ್ಲಿ ಚಿಕ್ಕದಾಗಿ ಹಾಕಿಸಿದೆ. ಮೇಷ್ಟ್ರು ಹೇಳಿದ್ದೂ ಹಾಗೇ ಅಲ್ಲವೇ? ನಮ್ಮ ಸೀಮೆಯಲ್ಲಿ ಕಪ್ಪು ಗೆರೆಯೊಳಗೆ ಮುದುಕಿಯ ಮುಖ, ಹೆಸರು, ವಯಸ್ಸು ಕಂಡರೆ ಯಾರಾದರೂ ಏನಂದುಕೊಳ್ಳುತ್ತಾರೆ ಅಂತ ನನ್ನ ಮಂಕು ಬಡಿದ ತಲೆಗೆ ಹೊಳೆಯಲಿಲ್ಲ. ಬೆಳಗಾದರೆ ತಿಥಿ ಕಾಗದ ಅಚ್ಚು ಹಾಕುವ ಅವನಿಗೂ ಹೊಳೆಯಲಿಲ್ಲ.

ಹಂಚಿದ ಮಾರನೆಯ ಬೆಳಗ್ಗೆ ಬೀದಿ ತಿರುವಿನಿಂದಲೇ ಗೋಳು ಕೇಳಿಸಿತು. ಮಾಯಸಂದ್ರದ ನಿನ್ನ ಚಿಕ್ಕಮ್ಮ ಮರಿಯಮ್ಮ, ತಲೆ ಕೆದರಿಕೊಂಡು, ಎದೆ ಬಡಿದುಕೊಂಡು, "ನನ್ ಬುಟ್ಟು ಹೋದ್ಯಲ್ಲಕ್ಕೋ" ಅಂತ ಬರುತ್ತಿದ್ದಾರೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದವರು ಗಾಬರಿಯಾಗಿ ಎದ್ದು, "ಯಾಕೇ ಮರೀ, ಯಾರ್ ಹೋದ್ರೇ?" ಅಂದರು. ಮರಿಯಮ್ಮ ಅಳುವ ಭರದಲ್ಲಿ "ನೀನೇ ಕಣಕ್ಕಾ!" ಅಂದವರು, ಎದುರಿಗೆ ನಿಂತವರನ್ನು ನೋಡಿ ಅಲ್ಲೇ ಕುಸಿದು ಕೂತರು. ಆಮೇಲೆ ಗಾಡಿಗಟ್ಟಲೆ ಜನ ಬಂದರು. ಹೂವಿನ ಹಾರ ತಂದವರು, ಹೊಸ ಸೀರೆ ತಂದವರು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಹೇಗೆ, ಒಲೆ ಹಚ್ಚಿ ದೊಡ್ಡ ಹಂಡೆಯಲ್ಲಿ ಅನ್ನ ಮಾಡಿದೆ. ಅತ್ತೆ ಮೊದಮೊದಲು ಗೆಲುವಾಗಿಯೇ ಇದ್ದರು. "ಯಾಕ್ಲಾ, ನಿನ್ ಕಣ್ಣಲ್ಲಿ ನೀರೇ ಇಲ್ಲ, ಈರುಳ್ಳಿ ಕೊಡ್ಲಾ?" ಅಂತ ಮೈದುನನ ಮಗನನ್ನು ರೇಗಿಸಿದರು. ಎಲ್ಲರೂ ನಕ್ಕರು. ನನಗೆ ಮಾತ್ರ ಒಲೆ ಮುಂದೆ ಕೂತು ಅಳು ಬರುತ್ತಿತ್ತು.

ಎಣ್ಣೆಯ ಕಥೆ ಅಲ್ಲಿಗೆ ಮುಗಿಯಿತು. ಸತ್ತವರ ಎಣ್ಣೆ ಅಂತ ಹೆಸರು ಬಿದ್ದ ಮೇಲೆ ಯಾರು ತಲೆಗೆ ಹಚ್ಚಿಕೊಳ್ಳುತ್ತಾರೆ? ಹಾಸ್ಟೆಲಿನ ಹುಡುಗಿಯರು ಕೂಡ ಸೀಸೆಗಳನ್ನು ವಾಪಸು ಕಳಿಸಿದರು. ಎಲ್ಲವನ್ನೂ ಅಟ್ಟದ ಮೇಲೆ ಇಟ್ಟಿದ್ದೇನೆ. ನಿಮ್ಮಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಮ್ಮನೆ ಹೋಗಿ ಗಾಣದ ಹತ್ತಿರ ಕೂತುಬಿಡುತ್ತಾರೆ. ಅತ್ತೆಯೂ ಆವತ್ತಿನಿಂದ ತಲೆಗೆ ಎಣ್ಣೆ ಮುಟ್ಟಿಸಿಲ್ಲ. ನಾನು ಬಟ್ಟಲು ಹಿಡಿದು ಹೋದರೆ ತಲೆ ಆಚೆ ತಿರುಗಿಸುತ್ತಾರೆ. ಊಟವೂ ಅಷ್ಟಕ್ಕಷ್ಟೇ.

ಅಲ್ಲಿ ಬೋರನಕಣಿವೆ ನೀರು ಈ ಸಲ ನಿಮ್ಮ ಗದ್ದೆಗೆ ಬಂತೇ? ದೊಡ್ಡವನಿಗೆ ಕೆಮ್ಮು ವಾಸಿಯಾಯಿತೇ? ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು ಕೊಡು. ನಿನ್ನ ತಾಳಿ, ತವರು ಎರಡೂ ತಣ್ಣಗಿರಲಿ ಅಂತ ದಿನಾ ದೀಪದ ಮುಂದೆ ಕೈ ಮುಗಿಯುತ್ತೇನೆ.

ಇಂತಿ ನಿನ್ನ ಅತ್ತಿಗೆ,
ವಿಮಲ

ಇನ್ನೊಂದು ಮಾತು: ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಮೇಲೆ ಬರೆಯಲು ಕೈ ಬರಲಿಲ್ಲ. ಆವತ್ತು ಬಂದವರೆಲ್ಲ ಹೊರಟು ಹೋದ ಮೇಲೂ ಅತ್ತೆ ಜಗಲಿ ಬಿಟ್ಟು ಏಳಲಿಲ್ಲ. ಹುಳಿಯಾರು ಬಸ್ಸು ಬಂತು, ಹೋಯಿತು. ಮಾರನೆಯ ದಿನವೂ ತಲೆ ಬಾಚಿಕೊಂಡು ಅಲ್ಲೇ ಕೂತರು. ಆ ಬಸ್ಸಿನ ಕಂಡಕ್ಟರ್ ಅಬ್ದುಲ್ ರಹೀಮ್ ಇಳಿದು ಬಂದು, "ನಿಮ್ ಗೌರಮ್ಮಾರ ಕೈಗೇ ಕೊಟ್ಟೆ ಅಜ್ಜೀ. ನೋಡುದ್ರು, ಮಡಿಸಿ ಸೊಂಟಕ್ಕೆ ಸಿಕ್ಕಿಸ್ಕೊಂಡ್ರು, ಒಳಕ್ಕೋದ್ರು" ಅಂದ. ಅತ್ತೆ ಅವನಿಗೆ ಮಜ್ಜಿಗೆ ಕೊಡಿಸಿ ಕಳಿಸಿದರು. ನನಗೆ ತಡೆಯಲಾಗದೆ, "ಗೌರಿ ಏಳನೇ ಕ್ಲಾಸ್ ಓದಿರೋಳು ಅತ್ತೆ, ಸಣ್ಣಕ್ಷರ ಓದಿ ಎಣ್ಣೆ ವಿಷ್ಯ ಅಂತ ಗೊತ್ತಾಗಿ ಬಂದಿಲ್ಲ ಅಷ್ಟೆ" ಅಂದೆ. ಅದು ನಿಜವೋ ಸುಳ್ಳೋ ನಿನಗೇ ಗೊತ್ತು. ಅತ್ತೆ ಎದ್ದು ಒಳಗೆ ಹೋದರು. ನಿನ್ನೆ ನನ್ನನ್ನು ಹತ್ತಿರಕ್ಕೆ ಕರೆದು, "ವಿಮಲಾ, ಆ ಪ್ರೆಸ್ಸಲ್ಲಿ ನನ್ ಮೊಕದಚ್ಚು ಇನ್ನೂ ಐತಾ?" ಅಂದರು. ಇದೆ ಅಂದೆ. "ಹಂಗಾರೆ ಇನ್ನೊಂದ್ಸಲ ಹಾಕ್ಸವ್ವಾ. ಎಣ್ಣೆ ಮಾತೆಲ್ಲ ತಗದ್ಬುಡು. ಬರೀ ಮೊಕ, ಹೆಸ್ರು ಇರ್ಲಿ. ಆಗ ಬತ್ತಾಳೆ" ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ, ಹೂಂ ಅಂದುಬಿಟ್ಟೆ. ಆ ಕೆಲಸ ನನ್ನ ಕೈಯಲ್ಲಿ ಮಾಡಿಸಬೇಡ ಗೌರಿ.