ಮೊದಲ ತಟ್ಟೆ

ಮಾರ್ಚ್ ೧೧, ಮಂಗಳವಾರ
ಮಧ್ಯಾಹ್ನದ ಬಿಡುವು

ಪ್ರೀತಿಯ ಪುಟ್ಟಿಗೆ ಅಣ್ಣನ ನೆನಪುಗಳು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಹೊಲಿಗೆ ಯಂತ್ರದ ಮುಂದೆ ಕೂತಾಗಲೆಲ್ಲ ನನ್ನನ್ನು ಬೈದುಕೊಂಡಿರುತ್ತೀಯ, ಗೊತ್ತು. ಕಾಫಿಪುಡಿ ಕಳಿಸಿ ‘ಘಮ ಹೇಗಿದೆ ಬರಿ’ ಅಂದಿದ್ದೆಯಲ್ಲ, ಆ ಒಂದು ಮಾತಿಗೆ ಉತ್ತರವಿಲ್ಲದೆ ಇಡೀ ಕಾಗದವೇ ನಿಂತುಹೋಯಿತು. ಕ್ಷಮಿಸು.

ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಅತ್ತಿಗೆಯ ಮೊಣಕಾಲು ನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ಹೋಟೆಲಿಗೆ ಮುಂದಿನ ವರ್ಷ ಅರವತ್ತು ತುಂಬುತ್ತದೆ. ಪತ್ರಿಕೆಯವನೊಬ್ಬ ಬಂದು ಅದರ ಚರಿತ್ರೆ ಕೇಳಿದ. ನಾನೂ ಎದೆಯುಬ್ಬಿಸಿ ಹೇಳಿದೆ: ಅಜ್ಜ ನಾಲ್ಕು ಬೆಂಚು ಹಾಕಿ ಶುರುಮಾಡಿದ್ದು, ಮೂರನೇ ವರ್ಷ ಊಟ ಮುಗಿಸಿ ಎದ್ದ ಲಾರಿ ಡ್ರೈವರ್ ಬಾಗಿಲಲ್ಲೇ ಕುಸಿದು ಸತ್ತದ್ದು. ಡಾಕ್ಟರು ಹೃದಯ ಅಂದರು, ಊರು ವಿಷ ಅಂದಿತು. ತಿಂಗಳುಗಟ್ಟಲೆ ಅಜ್ಜ ನೊಣ ಹೊಡೆಯುತ್ತಾ ಕೂತ. ಆಮೇಲೊಂದು ದಿನ ಬೀದಿಯ ಕಿಟಕಿಗೆ ಕುರ್ಚಿ ಎಳೆದುಕೊಂಡು, ಎಲ್ಲರ ಕಣ್ಣೆದುರು ಮೊದಲ ತಟ್ಟೆ ತಾನೇ ಉಂಡು, ತಲೆಯಾಡಿಸಿ, ಕೈ ತೊಳೆದ ಮೇಲೆ ಬಾಗಿಲು ತೆಗೆದ. ಅಂದಿನಿಂದ ಮೊದಲ ತಟ್ಟೆ ಮನೆಯವರದು. ಅಜ್ಜನ ನಂತರ ಅಪ್ಪ, ಅಪ್ಪನ ನಂತರ ನಾನು.

“ಒಂದು ದಿನಾನೂ ತಪ್ಪಿಲ್ವಾ?” ಅಂತ ಕೇಳಿದ. ಇಲ್ಲ ಅಂದೆ. ಅದು ನಿಜವೇ. ಉಳಿದದ್ದನ್ನು ಅವನಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ.

ಪುಟ್ಟಿ, ನನಗೆ ವಾಸನೆ ತಿಳಿಯುತ್ತಿಲ್ಲ. ರುಚಿಯೂ ಇಲ್ಲ. ಜುಲೈನ ಜ್ವರದಲ್ಲಿ ಹೋದದ್ದು, ಇನ್ನೂ ಬಂದಿಲ್ಲ. ಯಾರಿಗೂ ಗೊತ್ತಾಗಬಾರದೆಂದು ಬೇರೆ ಊರಿನ ಡಾಕ್ಟರಿಗೆ ತೋರಿಸಿದೆ. “ಬಂದ್ರೆ ಬಂತು, ಇಲ್ದಿದ್ರೆ ಇಲ್ಲ” ಅಂದರು. ಎಂಟು ತಿಂಗಳಿಂದ ಕಿಟಕಿಯಲ್ಲಿ ಕೂತು ಒದ್ದೆ ಕಾಗದ ಅಗಿದಂತೆ ಅಗಿದು ತಲೆಯಾಡಿಸುತ್ತಿದ್ದೇನೆ. ನಿನ್ನ ಅತ್ತಿಗೆಗೂ ಹೇಳಿಲ್ಲ. ಅಡಿಗೆಯವನ ಮೂಗು ಹೊಗೆಯಲ್ಲೇ ಸವೆದಿದೆ. “ನೀವು ತಲೆ ಆಡ್ಸಿದ್ರೆ ಸಾಕು ಯಜಮಾನ್ರೇ, ನಂಗೆ ಧೈರ್ಯ” ಅನ್ನುತ್ತಾನೆ. ಅವನು ನನ್ನನ್ನು ನಂಬಿದ್ದಾನೆ, ನಾನು ಯಾರನ್ನು ನಂಬಲಿ?

ಜನವರಿಯಲ್ಲಿ ಗ್ಯಾಸ್ ಸೋರುತ್ತಿತ್ತು. ನಾನು ಒಲೆಯ ಪಕ್ಕದಲ್ಲೇ ಬೆಂಕಿಪೊಟ್ಟಣ ಹಿಡಿದು ನಿಂತಿದ್ದೆ. ಪಾತ್ರೆ ತೊಳೆಯುವ ಅಮ್ಮ ಹಿತ್ತಲಿನಿಂದ ಓಡಿಬಂದು ಕೈಯಿಂದ ಕಿತ್ತುಕೊಂಡರು. ಆವತ್ತಿನಿಂದ ಒಲೆ ಹಚ್ಚುವ ಕೆಲಸ ಅಡಿಗೆಯವನಿಗೇ ಬಿಟ್ಟಿದ್ದೇನೆ.

ಹೋದ ವಾರ ಅದಕ್ಕಿಂತ ಕೆಟ್ಟದ್ದಾಯಿತು. ತರಕಾರಿ ಸೂಪು ಕುಡಿದು ತಲೆಯಾಡಿಸಿ ಬಾಗಿಲು ತೆಗೆದೆ. ದಿನವೂ ಮೊದಲು ಬರುವ ಪೋಸ್ಟಿನಣ್ಣ ಬಂದು ಕೂತ. ಚಮಚ ಬಾಯಿಗೆ ಹೋಗಬೇಕು, ಅಷ್ಟರಲ್ಲಿ ಅದೇ ಅಮ್ಮ “ತಡೀರಿ, ಕುಡೀಬೇಡಿ! ಇದು ಹಳಸಿದೆ” ಅಂದರು. ಹಾಗಂದವರು ನನ್ನ ಮುಖ ನೋಡಿದರು. “ಗೊತ್ತಾಯ್ತಮ್ಮ, ಚೆಲ್ಲೋಕೆ ಹೇಳೋದ್ರಲ್ಲೇ ಇದ್ದೆ” ಅಂದೆ. ನಂಬಲಿಲ್ಲ ಅವರು. ಮೂಗು ಹೇಳದ್ದನ್ನು ಹೊಟ್ಟೆ ಹೇಳಿತು, ಆದರೆ ನಾಲ್ಕು ಗಂಟೆ ತಡವಾಗಿ. ಬಚ್ಚಲಲ್ಲಿ ಗೋಡೆ ಹಿಡಿದು ಕೂತಾಗ ಆ ಲಾರಿ ಡ್ರೈವರೇ ಕಣ್ಣಿಗೆ ಬಂದ. ಅವನನ್ನು ನಾವು ಕೊಂದಿರಲಿಲ್ಲ. ಮುಂದಿನವರನ್ನು ನಾನು ಕೊಲ್ಲುತ್ತೇನೇನೋ ಅಂತ ಭಯ.

ಈ ಶನಿವಾರ ಶಾಲೆಯ ಅರವತ್ತು ಮಕ್ಕಳು ಪ್ರವಾಸದಿಂದ ಬರುವಾಗ ಇಲ್ಲೇ ಊಟ. ಟೀಚರಮ್ಮ ಬಂದು, “ನಿಮ್ಮಲ್ಲಾದ್ರೆ ನಮಗೆ ಚಿಂತೆ ಇಲ್ಲ” ಅಂದುಹೋದರು. ಅವರು ಹೋದ ಮೇಲೆ ಈ ಕಾಗದ ಬರೆಯಲು ಕೂತೆ.

ನೀನು ಬಾ. ಅಪ್ಪನ ನಂತರ ನಾನು ಆ ಕುರ್ಚಿಯಲ್ಲಿ ಕೂತ ದಿನದಿಂದ, ಹೋಟೆಲಿನ ಮೆಟ್ಟಿಲು ಹತ್ತುವುದಿಲ್ಲ ಅಂತ ಹದಿನಾರು ವರ್ಷ ಹಟ ಹಿಡಿದಿದ್ದೀಯ. ಹಟಕ್ಕೆ ಕಾರಣವಿಲ್ಲ ಅಂತ ನಾನು ಹೇಳುವುದಿಲ್ಲ. ಆದರೂ ಬಾ. ಅಡಿಗೆಯವನು ಇವತ್ತಿಗೂ ನಿನ್ನನ್ನು ‘ನಾಯಿಮೂಗಿನ ಹುಡುಗಿ’ ಅಂತಲೇ ಕೇಳುತ್ತಾನೆ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಕಣ್ಣು, ಕೈ, ಸಂಸಾರ ಎಲ್ಲ ತಣ್ಣಗಿರಲಿ.

ಇಂತಿ,
ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನಗೆ ಆಗ ಒಂಬತ್ತು, ನನಗೆ ಹದಿಮೂರು. ಅಪ್ಪನಿಗೆ ನೆಗಡಿ. ಉಂಡು, ಏನೂ ತಿಳಿಯದೆ ತಲೆಯಾಡಿಸಿದ್ದ. ನೀನು ಮೆಟ್ಟಿಲಿಂದಲೇ, “ಅಣ್ಣಾ, ದೊಡ್ಡ ಪಾತ್ರೇದು ಕೆಟ್ಟಿದೆ ಕಣೋ, ಅಪ್ಪಂಗೆ ಹೇಳೋ” ಅಂದೆ. ನಾನು ಓಡಿಹೋಗಿ ಹೇಳಿದೆ. ನಿನ್ನ ಹೆಸರು ಮಾತ್ರ ಹೇಳಲಿಲ್ಲ. ಅಪ್ಪ ನನ್ನನ್ನು ತಬ್ಬಿಕೊಂಡು, “ಅಜ್ಜನ ಮೂಗು ಮೊಮ್ಮಗನಿಗೆ ಬಂದಿದೆ” ಅಂತ ಬಂದವರಿಗೆಲ್ಲ ಹೇಳಿದ. ತನ್ನ ನಂತರ ಕುರ್ಚಿ ನನಗೇ ಅಂತ ಅಪ್ಪ ತೀರ್ಮಾನಿಸಿದ್ದು ಅಂದೇ. “ಅದು ನಾನು ಹೇಳಿದ್ದು” ಅಂದ ನಿನಗೆ, ಅಣ್ಣನ ಮೇಲೆ ಹೊಟ್ಟೆಕಿಚ್ಚೇ ಅಂತ ಅಪ್ಪ ಕೆನ್ನೆಗೆ ಬಾರಿಸಿದ.

ನೀನು ಬಂದರೂ ಸರಿ, ಬಾರದಿದ್ದರೂ ಸರಿ, ಶನಿವಾರ ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ. ಯಾಕೆಂದು ಬಾಗಿಲಲ್ಲಿ ನಿಂತವರಿಗೆಲ್ಲ ಹೇಳುತ್ತೇನೆ, ಇದನ್ನೂ ಸೇರಿಸಿ. ಏಟು ಬಿದ್ದಾಗ ನೀನು ಅಳಲಿಲ್ಲ, ನನ್ನ ಕಡೆ ನೋಡಿದೆ. ನಾನು ಕಿಟಕಿಯ ಕಡೆ ನೋಡಿದೆ.