ಮಗಳ ಬಸ್ಸಿನಲ್ಲಿ

ಮಗಳಿಗೆ,

ಕ್ಯಾನ್ಸರ್ ಚಿಕಿತ್ಸೆಯಿಂದ ಮೂವತ್ಮೂರಕ್ಕೇ ನಿನ್ನ ಮುಟ್ಟು ನಿಂತಿತು. ಹೊತ್ತಿಲ್ಲದ ಹೊತ್ತಿನಲ್ಲಿ ಮೈ ಕುದಿಯುವವಳು ಸ್ಟೀರಿಂಗ್ ಹಿಡಿಯುವುದು ಬೇಡ, ಕೆಲಸ ಬಿಡು ಎಂದು ಹೇಳಿಕಳಿಸಿದ್ದೆ. ಮೊನ್ನೆ ನಿನಗೆ ತಿಳಿಸದೆ ನಿನ್ನ ಬಸ್ಸು ಹತ್ತಿ ನಿನ್ನ ಬೆನ್ನ ಹಿಂದಿನ ಸೀಟಿನಲ್ಲೇ ತಲೆಗೆ ಸೆರಗು ಹೊದ್ದು ಕುಳಿತೆ.

ಮಾರುಕಟ್ಟೆಯ ಸಿಗ್ನಲ್ಲಿನಲ್ಲಿ ನಿನ್ನ ಕತ್ತು ಕೆಂಪಾಯಿತು. ನೋಡನೋಡುತ್ತಲೇ ಬೆನ್ನಿನ ಅಂಗಿ ತೊಯ್ದುಹೋಯಿತು.

"ಕಿಟಕಿ ತೆಗೀರಪ್ಪಾ, ನನ್ನ ಬಾಯ್ಲರ್ ಹತ್ಕೊಂಡಿದೆ" ಅಂದೆ ನೀನು.

"ಇಂಥ ಚಳೀಲಾ, ತಾಯಿ?" ಎಂದು ಮುದುಕನೊಬ್ಬ ಗೊಣಗಿದ.

"ನಿಮ್ಮ ಚಳೀನ ಒಂಚೂರು ಇತ್ತ ಕೊಡಿ ತಾತ, ಇಬ್ಬರಿಗೂ ಸರಿಹೋಗುತ್ತೆ."

ಬಸ್ಸೆಲ್ಲ ನಕ್ಕಿತು. ಮುದುಕನೇ ಮೊದಲು ಕಿಟಕಿ ತೆಗೆದ. ಸಿಗ್ನಲ್ ದಾಟಿದ ಮೇಲೆ ಸಿಕ್ಕ ಇಕ್ಕಟ್ಟಿನ ತಿರುವಿನಲ್ಲಿ ನೀನು ಅಷ್ಟು ದೊಡ್ಡ ಬಸ್ಸನ್ನು, ತುಂಬಿದ ಲೋಟ ಹಿಡಿದವರ ಹಾಗೆ, ಒಂದಿಷ್ಟೂ ಕುಲುಕದೆ ತಿರುಗಿಸಿದೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇವಳು ನಾನು ಹೆತ್ತವಳೇನಾ ಅನ್ನಿಸಿತು.

ಕೆಲಸ ಬಿಡಬೇಡ.

ಇನ್ನೊಂದು ಮಾತು. ಹೋದ ತಿಂಗಳಿಂದ ನನಗೂ ಅದೇ ಶುರುವಾಗಿದೆ. ಬಿಸಿ ಏರಿದಾಗ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, ಸಿಕ್ಕಸಿಕ್ಕವರನ್ನೆಲ್ಲ ಬೈಯುತ್ತೇನೆ. ನಿಮ್ಮಪ್ಪನಿಗೂ ಕಾರಣ ಹೇಳಿಲ್ಲ. ಈ ವಿಷಯದಲ್ಲಿ ನೀನೇ ನನಗೆ ಹಿರಿಯಳು. ಭಾನುವಾರ ಬಂದು ಏನು ಮಾಡಬೇಕೆಂದು ಹೇಳಿಕೊಡು. ಎದುರು ಮಾತಾಡದೆ ಕೇಳುತ್ತೇನೆ.

ನಿನ್ನ ದಾರಿ ಕಾಯುವ,
ಅಮ್ಮ