ಎಣ್ಣೆಯೊಳಗಿನ ಸದ್ದು

ಫೆಬ್ರವರಿ ೧೧, ಮಂಗಳವಾರ

ಆ ‘ಟಿಕ್’ ಸದ್ದು ಇನ್ನೂ ಕಿವಿಯಿಂದ ಹೋಗಿಲ್ಲ. ಕೆಂಪಗೆ ಕಾದ ಕತ್ತಿಯನ್ನು ಅಪ್ಪ ಎಣ್ಣೆಯಲ್ಲಿ ಅದ್ದಿದಾಗ ಬಂದದ್ದು. ಅಂದರೆ ಅಲಗು ಬಿರುಕು ಬಿಟ್ಟಿದೆ, ಎರಡು ತಿಂಗಳ ಕೆಲಸ ನೀರುಪಾಲು. ಸುತ್ತಿಗೆಯ ಹೊಡೆತಕ್ಕೆ ಅಪ್ಪನ ಕಿವಿ ಎಂದೋ ಮಂದವಾಗಿದೆ. ಹೀಗೆ ಎಣ್ಣೆಯಲ್ಲಿ ಅದ್ದಿ ಹದ ಕೊಡುವಾಗ ನಾನೇ ಅವರ ಕಿವಿ.

“ಏನಾದ್ರೂ ಸದ್ದು ಬಂತೇನಮ್ಮ?” ಅಂದರು.

“ಇಲ್ಲಪ್ಪ.” ಅವರ ಮುಖ ನೋಡಿ ನಿಜ ಹೇಳಲಾಗಲಿಲ್ಲ.

ಊಟಕ್ಕೆ ಕೂತಾಗ ಹೇಳಿಬಿಡೋಣ ಎಂದುಕೊಂಡೆ, ಬದಲಿಗೆ ಅವರಿಗೆ ಇನ್ನಷ್ಟು ಸಾರು ಬಡಿಸಿದೆ. ಅವರು ಕೈ ತೊಳೆದು ಕುಲುಮೆಗೆ ಹೋದರು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಕತ್ತಿಯ ಬುಡವನ್ನು ಹಲ್ಲಿನಲ್ಲಿ ಕಚ್ಚಿ, ಅಲಗನ್ನು ಉಗುರಿನಿಂದ ಮೀಟಿದರು. ಕಿವಿಗೆ ಕೇಳದ್ದನ್ನು ಅವರು ಹಲ್ಲಿನಿಂದ ಕೇಳಿಸಿಕೊಳ್ಳುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಮತ್ತೊಮ್ಮೆ ಮೀಟಿದರು; ಅಲಗು ಗುಂಯ್ ಎನ್ನದೆ ಒಡಕು ಮಡಕೆಯಂತೆ ಸದ್ದು ಮಾಡಿತು. ಮೆಲ್ಲಗೆ ಕೆಳಗಿಟ್ಟರು.

“ನನ್ನ ಕಿವಿ ಹೋಗಿದೆ, ಸರಿ. ನಿನ್ನ ಬಾಯಿಗೇನಾಗಿತ್ತು?”